ಊದುವವರು ಬೇಕಾಗಿದ್ದಾರೆ

ಹೆಸರಿಟ್ಟು ಕರೆಯಲು ಹೊರಗಿನಿಂದ ಯಾರೂ ಬರದ ಕಾರಣ ಆ ಊರಿಗೆ ಹೆಸರೇ ಇರಲಿಲ್ಲ. ಒಳಗಿದ್ದವರು ಅದನ್ನು ಊರು ಅನ್ನುತ್ತಿದ್ದರು, ಅಷ್ಟೆ. ಊರಿನ ತುಂಬ ಮಗ್ಗಗಳ ಸಾಲು. ಒಂದೊಂದು ಸಾಲಿಗೆ ಒಂಬತ್ತು ಮಗ್ಗ. ಒಂದೊಂದು ಮಗ್ಗದ ಪಕ್ಕದಲ್ಲಿ ಒಂದು ಮಣ್ಣಿನ ಕುಡಿಕೆ. ಕುಡಿಕೆಯೊಳಗೆ ಒಂದು ಕೆಂಡ.

ಕೆಂಡ ಉರಿಯುವವರೆಗೆ ಕೈ ಆಡುತ್ತಿತ್ತು. ಕೆಂಡ ಮಂಕಾದರೆ ಕೈ ನಿಧಾನವಾಗುತ್ತಿತ್ತು. ಕೆಂಡ ಆರಿದರೆ ಲಾಳಿ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. ಆಗ ಆ ಮಗ್ಗದವರು ಆರಿದ ಕುಡಿಕೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಪಡುವಣ ಬಾಗಿಲಿನಿಂದ ಆಚೆ ಹೋಗಬೇಕಿತ್ತು. ಇದು ಊರಿನ ಕಟ್ಟಳೆ. ಹೋದವರು ತಿರುಗಿ ಬಂದದ್ದಿಲ್ಲ. ಅವರ ಹೆಸರು ಹಿಡಿದು ಯಾರೂ ಕೂಗಿದ್ದಿಲ್ಲ.

ನೇಯುತ್ತಿದ್ದದ್ದು ಬಿಳಿ ಬಟ್ಟೆ. ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲ, ಅಂಚಿಲ್ಲ, ಸೆರಗಿಲ್ಲ. ನೇಯ್ದದ್ದೆಲ್ಲ ದಿಬ್ಬದ ಮೇಲಿನ ದೊಡ್ಡ ಮನೆಗೆ ಹೋಗುತ್ತಿತ್ತು. ಅಷ್ಟೊಂದು ಬಟ್ಟೆಯನ್ನು ಅಲ್ಲಿ ಏನು ಮಾಡುತ್ತಾರೆಂದು ಯಾರೂ ಕೇಳಿರಲಿಲ್ಲ. ದೊಡ್ಡ ಮನೆಯಲ್ಲಿ ಇದ್ದವರು ಮೂವರು, ಕೇಳುವವರು ಎಂದೇ ಅವರ ಹೆಸರು. ಕೇಳುವುದು ಅವರ ಕೆಲಸ, ಉತ್ತರಿಸುವುದು ಊರಿನ ಕೆಲಸ.

ಒಂದು ಸಾಲಿನ ಒಂಬತ್ತನೆಯ ಮಗ್ಗದಲ್ಲಿ ಮೆಲುದನಿಯವಳು ಕೂರುತ್ತಿದ್ದಳು. ಅವಳು ಮಾತಾಡಿದರೆ ಪಕ್ಕದ ಮಗ್ಗಕ್ಕೆ ಕೇಳಿಸುತ್ತಿತ್ತು, ಅದರಾಚೆಗೆ ಇಲ್ಲ. ಪಕ್ಕದ ಮಗ್ಗದಲ್ಲಿದ್ದವಳು ಮುದುಕಿ. ಮುದುಕಿಯ ಎಡಗೈಗೆ ಕಿರುಬೆರಳು ಇರಲಿಲ್ಲ. ಹಾಗಾಗಿ ಅವಳ ಬಟ್ಟೆಯಲ್ಲಿ ಗೇಣಿಗೊಂದು ಎಳೆ ತಪ್ಪುತ್ತಿತ್ತು. ಹಿಡಿದು ನೋಡಿದರೆ ಗೊತ್ತಾಗದು, ಬೆಳಕಿಗೆ ಹಿಡಿದರೆ ಸಣ್ಣ ಕಂಡಿ ಕಾಣುವುದು. ಮೆಲುದನಿಯವಳು ಕಂಡಿದ್ದಳು. ಕಂಡು ಸುಮ್ಮನಿದ್ದಳು. ಕಾಣುವುದು, ಸುಮ್ಮನಿರುವುದು, ಅವಳಿಗೆ ಬರುತ್ತಿದ್ದದ್ದು ಆ ಎರಡೇ ವಿದ್ಯೆ.

"ನಾನು ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಒಂದು ಹಿಡಿ ಇದ್ದಿಲು ಕೊಡ್ತಿದ್ರು ಕಣೇ," ಎನ್ನುತ್ತಿದ್ದಳು ಮುದುಕಿ.

"ಇದ್ದಿಲು ಹೇಗಿರತ್ತೆ ಅಜ್ಜಿ?"

"ಕಪ್ಪಗೆ. ಹಗುರ. ಒಂದಕ್ಕೊಂದು ತಾಗಿದ್ರೆ ಕಿಣಿ ಕಿಣಿ ಅನ್ನತ್ತೆ, ಬಳೆ ಥರ. ಮುಟ್ಟಿದ್ರೆ ಮಾತ್ರ ಬಿಡೋದಿಲ್ಲ. ಎಷ್ಟು ತೊಳೆದ್ರೂ ಉಗುರಲ್ಲಿ ಉಳಿಯತ್ತೆ."

ಆ ಒಂದು ಹಿಡಿ ಮುಂದೆ ಅರ್ಧ ಹಿಡಿಯಾಯಿತು. ಅರ್ಧ ಹಿಡಿ ಹುಣ್ಣಿಮೆಗೊಂದು ತುಂಡಾಯಿತು. ಆಮೇಲೊಂದು ದಿನ ದೊಡ್ಡ ಮನೆಯಿಂದ ಡಂಗುರ ಬಂತು: ಇದ್ದಿಲು ಮುಗಿದಿದೆ, ಮನಸ್ಸಿದ್ದವರ ಕೆಂಡ ತಾನಾಗಿ ಉರಿಯುತ್ತದೆ, ನಾವೆಲ್ಲ ಒಂದೇ ಮನೆಯವರು.

ಮನಸ್ಸಿದ್ದವರು ಮನೆಯ ಸಾಮಾನು ಸುಡಲು ಶುರುಮಾಡಿದರು. ಮೊದಲು ಲಟ್ಟಣಿಗೆ, ಬಾಚಣಿಗೆ. ಆಮೇಲೆ ಕೂರುವ ಮಣೆ. ಆಮೇಲೆ ತೊಟ್ಟಿಲು. ಬಾಗಿಲನ್ನೇ ಸೀಳಿ ಸುಟ್ಟವಳೊಬ್ಬಳ ಕುಡಿಕೆಗೆ ದೊಡ್ಡ ಮನೆಯವರು ಚೆಂಡುಹೂವಿನ ಮಾಲೆ ಹಾಕಿಸಿದರು. ಅವಳ ಕೆಂಡ ಅಷ್ಟು ಚೆಂದ ಉರಿದಿತ್ತು. ಆ ಚಳಿಗಾಲ ಅವಳ ಮನೆಗೆ ಬಾಗಿಲಿರಲಿಲ್ಲ. ಮಾಲೆ ಇತ್ತು.

ಸುಡಲು ಏನೂ ಉಳಿಯದಾದಾಗ ದೊಡ್ಡ ಮನೆಯವರು ಪ್ರತಿ ಸಾಲಿಗೂ ಊದುವವರನ್ನು ನೇಮಿಸಿದರು. ಊದುವವನ ಕೈಯಲ್ಲಿ ಹಿತ್ತಾಳೆಯ ಊದುಗೊಳವೆ. ಬೆಳಿಗ್ಗೆ ಸಾಲಿನ ತಲೆಗೆ ನಿಂತು "ನಾವೆಲ್ಲ ಒಂದೇ ಮನೆಯವರು" ಅನ್ನಬೇಕು, ಆಮೇಲೆ ಒಂದೊಂದೇ ಕುಡಿಕೆಗೆ ಬಾಗಿ ಊದಬೇಕು. ಊದಿದರೆ ಕೆಂಡ ಕೆಂಪಗಾಗುತ್ತಿತ್ತು, ಕೈ ಚುರುಕಾಗುತ್ತಿತ್ತು. ಶಭಾಷ್! ಸಂಜೆಗೆ ಕೆಂಡ ಬೆಳಗಿನದಕ್ಕಿಂತ ಚಿಕ್ಕದಾಗಿರುತ್ತಿತ್ತು. ಊದಿದರೆ ಕೆಂಡ ಬೆಳೆಯುವುದಿಲ್ಲ, ಬೇಗ ಬೇಗ ತನ್ನನ್ನೇ ತಿನ್ನುತ್ತದೆ. ಒಲೆ ಹಚ್ಚಿದ ಯಾರಿಗೂ ಗೊತ್ತಿರುವ ಸಂಗತಿ ಇದು. ದೊಡ್ಡ ಮನೆಯವರು ಒಲೆ ಹಚ್ಚಿದವರಲ್ಲ.

ಮೆಲುದನಿಯವಳ ಸಾಲಿನ ಊದುವವನು ಒಳ್ಳೆಯವನು. ಮೆಲ್ಲಗೆ ಊದುತ್ತಿದ್ದ, ಮಧ್ಯಾಹ್ನ ಯಾರಾದರೂ ಕೆಂಡಕ್ಕೆ ಬೂದಿ ಮುಚ್ಚಿ ಮಲಗಿಸಿದರೆ ಕಾಣದವನಂತೆ ಮುಂದೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವನ ಉಸಿರೇ ಮುಗಿದು ಕೊಳವೆಯ ಮೇಲೆ ಬಿದ್ದ. ಮೂರನೆಯ ದಿನ ದೊಡ್ಡ ಮನೆಯ ಗೋಡೆಗೆ ಬಿಳಿ ಬಟ್ಟೆಯ ಮೇಲೆ ಬರೆದು ತೂಗುಹಾಕಿದರು: ಊದುವವರು ಬೇಕಾಗಿದ್ದಾರೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿದವರಿಗೆ ಕೆಲಸ. ಉತ್ತರಿಸುವವರಿಲ್ಲದ ಸಾಲಿಗೆ ದೊಡ್ಡ ಮನೆಯಿಂದಲೇ ತಿದಿ ಬರುತ್ತದೆ.

ತಿದಿ ಎಂದರೆ ಕಮ್ಮಾರ ಕುಲುಮೆಗೆ ಗಾಳಿ ಒತ್ತುವ ತೊಗಲಿನ ಚೀಲ. ಅದಕ್ಕೆ ಮೆಲ್ಲಗೆ ಊದಲು ಬಾರದು. ಕೆಳಸಾಲಿಗೆ ತಿದಿ ಬಂದು ಆರನೆಯ ದಿನಕ್ಕೆ ಅಲ್ಲಿ ಒಂಬತ್ತು ಮಗ್ಗಗಳೂ ಖಾಲಿಯಾಗಿದ್ದವು.

"ನೀನು ಹೋಗು," ಎಂದರು ಸಾಲಿನವರು, ಮೆಲುದನಿಯವಳನ್ನು ನೋಡಿ.

"ನಾನಾ? ನಂಗೆ ಮಾತೇ ಬರಲ್ಲ."

"ಅದಕ್ಕೇ ನೀನು. ಮಾತು ಬರೋರಿಗೆಲ್ಲ ಉಸಿರು ಜಾಸ್ತಿ. ನೀನಾದ್ರೆ ಮೆಲ್ಲಗೆ ಊದ್ತೀಯ."

ಮೂರು ದಿನ ಸಾಲಿನವರೆಲ್ಲ ಸೇರಿ ಅವಳಿಗೆ ಉತ್ತರ ಕಲಿಸಿದರು. ಮೊದಲನೆಯ ಮಗ್ಗದವನು ಕೇಳುವವನಾದ. ನೂಲಿನ ರಾಶಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಕೆಮ್ಮಿದ.

"ಜೊತೆಯವರ ಕೈ ನಿಧಾನವಾದರೆ ಏನು ಮಾಡ್ತೀಯಮ್ಮ?"

"ಹೆಸರು ಹಿಡಿದು ಕರೀತೀನಿ. ಸರಿ ಮಾಡಿದ್ರೆ ಎಲ್ಲರೆದುರು ಹೊಗಳ್ತೀನಿ. ತಪ್ಪು ಮಾಡಿದ್ರೆ ಮರೆಯಲ್ಲಿ ತಿದ್ದುತೀನಿ."

"ಏನಂದೆ? ಇಲ್ಲಿ ಕೂತಿರೋ ನಂಗೇ ಕೇಳಿಸ್ಲಿಲ್ಲ. ಅವರೇನು ನಿನ್ನ ಬಾಯಿಗೆ ಕಿವಿ ಇಟ್ಕೊಂಡು ಕೂರ್ತಾರಾ?"

ಅವಳು ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆ. ನಗು ಬಂತು ಎಲ್ಲರಿಗೂ. ಮುದುಕಿ ಮಾತ್ರ ನಗಲಿಲ್ಲ. ತನ್ನ ಕುಡಿಕೆಗೆ ಬೂದಿ ಮುಚ್ಚುತ್ತ, "ಬೂದಿ ಮುಚ್ಚಿದ ಕೆಂಡ ಸತ್ತಿರಲ್ಲ, ಮಲಗಿರತ್ತೆ ಅಷ್ಟೆ," ಎಂದಳು, ಯಾರಿಗೆ ಹೇಳಿದಳೋ. ಆ ಕೆಂಡ ಈಗ ಕಡಲೆಕಾಳಿನಷ್ಟಿತ್ತು.

ದೊಡ್ಡ ಮನೆಯ ಜಗಲಿಯಲ್ಲಿ ಬೇರೆ ಬೇರೆ ಸಾಲುಗಳಿಂದ ಬಂದವರು ಕೂತಿದ್ದರು. ಎಲ್ಲರ ಮಡಿಲಲ್ಲೂ ಅವರವರ ಕುಡಿಕೆ. ಎಲ್ಲರ ತುಟಿಯೂ ಅಲುಗುತ್ತಿತ್ತು: ಹೆಸರು ಹಿಡಿದು ಕರೀತೀನಿ, ಎಲ್ಲರೆದುರು ಹೊಗಳ್ತೀನಿ, ಮರೆಯಲ್ಲಿ ತಿದ್ದುತೀನಿ. ಒಂದೇ ಉತ್ತರ, ಹಲವು ಬಾಯಿ.

ಅವಳಿಗಿಂತ ಮುಂಚೆ ಕರೆದದ್ದು ಒಬ್ಬ ಅಗಲ ಎದೆಯವನನ್ನು. ಒಳಗೆ ಸ್ವಲ್ಪ ಹೊತ್ತು ಮಾತು ಕೇಳಿಸಿತು. ಆಮೇಲೆ ಬಾಗಿಲು ಕಾಯುವವನು ಹೊರಗೆ ಓಡಿಹೋಗಿ, ಒಳಗಿದ್ದವನ ಸಾಲಿನ ಅತಿ ಮಂಕು ಕೆಂಡದವನನ್ನು ಕರೆತಂದ. ಬಂದವನು ಅಗಲ ಎದೆಯವನ ಸ್ವಂತ ಅಣ್ಣ. ಒಳಗೆ ಊದುವ ಸದ್ದು. "ಶಭಾಷ್! ಶಭಾಷ್!" ಎಂಬ ಸದ್ದು. ಆಮೇಲೆ ಎರಡು ಬಾಗಿಲು ತೆರೆದವು. ಊರಿನಾಚೆಗೆ ಬಿಡುವ ಪಡುವಣ ಬಾಗಿಲಿನಿಂದ ಅಣ್ಣ ಹೋದ, ಕುಡಿಕೆ ತಲೆಯ ಮೇಲೆ ಬೋರಲು. ಮೂಡಣ ಬಾಗಿಲಿನಿಂದ ತಮ್ಮ ಬಂದ, ಕತ್ತಿನಲ್ಲಿ ಚೆಂಡುಹೂವಿನ ಮಾಲೆ.

"ಏನು ಉರೀತು ಗೊತ್ತಾ!" ಎಂದ ಜಗಲಿಯವರಿಗೆ. "ಬೆಳ್ಳಗೆ ಉರೀತು. ನಮ್ಮಣ್ಣನ ಕೆಂಡ ಯಾವತ್ತೂ ಹಾಗೆ ಉರಿದಿರಲಿಲ್ಲ." ಆಮೇಲೆ ಮೆಟ್ಟಿಲ ಮೇಲೆ ಕೂತ. ಮನೆಗೆ ಹೋಗಲಿಲ್ಲ.

"ಪರೀಕ್ಷೆ ಅಂದ್ಮೇಲೆ ಒಂದೋ ಎರಡೋ ಆರತ್ತೆ," ಎಂದರು ಯಾರೋ, ಸಮಾಧಾನಕ್ಕೆ.

ತನ್ನ ಸಾಲಿನ ಅತಿ ಮಂಕು ಕೆಂಡ ಯಾರದೆಂದು ಮೆಲುದನಿಯವಳಿಗೆ ಗೊತ್ತಿತ್ತು. ಎದ್ದು ಹೋಗಿಬಿಡೋಣ ಅಂದರೆ ತಿದಿ. ಕೂತಿರೋಣ ಅಂದರೆ ಅಜ್ಜಿ.

"ಮುಂದಿನವರು!"

ಒಳಗೆ ಎಲ್ಲವೂ ಬಿಳಿ. ಬಿಳಿ ಗೋಡೆ, ಬಿಳಿ ನೆಲ. ಆ ಕಡೆಯ ಗೋಡೆಗೆ ಒತ್ತಿ ಆಳೆತ್ತರದ ಒಂದು ಪೀಠ, ಪೀಠದ ಮೇಲಿನಿಂದ ನೆಲದವರೆಗೂ ಇಳಿಬಿದ್ದ ಬಿಳಿ ಹಾಸು. ಅದರ ಮೇಲೆ ಮೂವರು ಕೇಳುವವರು, ಬಿಳಿ ಬಟ್ಟೆಯಲ್ಲಿ.

"ಹೆದರಬೇಡ," ಎಂದ ಮೊದಲನೆಯವನು. "ನಾವೆಲ್ಲ ಒಂದೇ ಮನೆಯವರು. ಜೊತೆಯವರು ಸೋತು ಕೂತಾಗ ಏನು ಮಾಡುತ್ತೀಯೆ?"

ಕಲಿತದ್ದು ಬಾಯಿಗೆ ಬರಲಿಲ್ಲ. "ಯಾಕೆ ಸೋತರು ಅಂತ ಕೇಳ್ತೀನಿ," ಅಂದುಬಿಟ್ಟಳು.

"ಕೇಳುವವರು ನಾವಿದ್ದೇವಲ್ಲ. ನೀನು ಹುರಿದುಂಬಿಸಬೇಕು."

"ಹೆಸರು ಹಿಡಿದು ಕರೀತೀನಿ," ಎಂದಳು ಅವಸರದಲ್ಲಿ. "ಎಲ್ಲರೆದುರು ಹೊಗಳ್ತೀನಿ. ಮರೆಯಲ್ಲಿ ತಿದ್ದುತೀನಿ."

"ಸ್ವಲ್ಪ ಗಟ್ಟಿಯಾಗಿ ಹೇಳು. ಇರಲಿ. ಸೋತವರೊಬ್ಬರನ್ನು ನೀನು ಎಬ್ಬಿಸಿದ ಒಂದು ಸಂದರ್ಭ ಹೇಳು," ಎಂದ ನಡುವಿನವನು.

ಅವಳು ಯೋಚಿಸಿದಳು. "ನಮ್ಮ ಸಾಲಿನ ಅಜ್ಜಿಯ ಕೆಂಡ ಹೋದ ತಿಂಗಳು ಆರೋದ್ರಲ್ಲಿತ್ತು. ನನ್ನ ಹತ್ರ ಒಂದು ಸ್ಲೇಟಿತ್ತು, ಚಿಕ್ಕಂದಿನದು. ಅದರ ಮರದ ಕಟ್ಟು ಬಿಚ್ಚಿ ಅಜ್ಜಿ ಕುಡಿಕೆಗೆ ಹಾಕ್ದೆ. ಅವತ್ತು ಅಜ್ಜಿ ಎರಡು ಮಾರು ನೇಯ್ದರು."

ಮೂವರೂ ಮುಖ ಮುಖ ನೋಡಿಕೊಂಡರು. ಮೂರನೆಯವನು ಮಗುವಿಗೆ ತಿಳಿಹೇಳುವವನಂತೆ ನಕ್ಕ.

"ಅದು ಸಹಾಯವಾಯಿತು ತಾಯಿ. ನಾವು ಕೇಳಿದ್ದು ಸ್ಫೂರ್ತಿ. ಏನಾದರೂ ಕೊಟ್ಟು ಮಾಡಿಸುವುದು ಯಾರಿಗೂ ಬರುತ್ತದೆ. ಏನನ್ನೂ ಕೊಡದೆ ಮಾಡಿಸುವುದಕ್ಕೇ ಸ್ಫೂರ್ತಿ ಅನ್ನುವುದು."

ಅವಳು ಬೂದಿ ಮುಚ್ಚಿ ಮಲಗಿಸಿದ್ದ ತನ್ನ ಕುಡಿಕೆಯನ್ನು ಎರಡೂ ಕೈಯಿಂದ ಅದುಮಿಕೊಂಡಳು.

"ಮಾತು ಸಾಕು. ಕೆಲಸ ನೋಡೋಣ," ಎಂದ ನಡುವಿನವನು.

ಬಾಗಿಲಿನವನು ಮುದುಕಿಯನ್ನು ಕರೆತಂದ. ಅವಳು ನಡೆದು ಬಂದದ್ದು ಕಷ್ಟದಿಂದ. ಆದರೂ ಮೆಲುದನಿಯವಳನ್ನು ಕಂಡು ಮುಖ ಅರಳಿಸಿದಳು. ಕುಡಿಕೆಯನ್ನು ನೆಲದ ಮೇಲಿಟ್ಟು ಅದರೆದುರು ಕೂತಳು. ಬಾಗಿಲಿನವನು ಗರಿಯಿಂದ ಬೂದಿ ಗುಡಿಸಿದ. ಕಡಲೆಕಾಳಿನಷ್ಟು ಕೆಂಡ ಬೆತ್ತಲೆಯಾಗಿ ನಡುಗಿತು.

"ಬೆಳ್ಳಗೆ ಉರಿಯಬೇಕು," ಎಂದ ಮೊದಲನೆಯವನು. "ಇಪ್ಪತ್ತು ಎಣಿಸುವವರೆಗೆ."

ಹಿತ್ತಾಳೆಯ ಕೊಳವೆ ಕೈಗೆ ಬಂತು. ಅದು ತಣ್ಣಗಿತ್ತು. ಅದರ ಬಾಯಿ, ಎಷ್ಟೋ ತುಟಿಗಳು ಮುಟ್ಟಿ ಮುಟ್ಟಿ, ಸವೆದಿತ್ತು.

"ಊದು ಮಗಾ," ಎಂದಳು ಮುದುಕಿ, ಅವಳಿಗಷ್ಟೇ ಕೇಳುವ ಹಾಗೆ. "ನಂದೇನು, ಸಂಜೆಗೋ ನಾಳೆಗೋ. ನಾನೊಬ್ಬಳು ಹೋದ್ರೆ ನಿನ್ನ ಜೊತೆ ಏಳು ಜನ ಉಳೀತಾರೆ. ತಿದಿ ಬಂದ್ರೆ ಯಾರೂ ಇಲ್ಲ. ಲೆಕ್ಕ ಸರಿಯಾಗೇ ಇದೆ. ಊದು."

"ಅಜ್ಜೀ..."

"ಅಳಬೇಡ. ಅತ್ತರೆ ಉಸಿರು ಕೆಡತ್ತೆ."

ಅವಳು ಬಾಗಿದಳು. ಕೊಳವೆಯನ್ನು ತುಟಿಗಿಟ್ಟಳು. ಚೆನ್ನಾಗಿ ನೋಡಬೇಕೆಂದು ಮೂರನೆಯ ಕೇಳುವವನು ಪೀಠದ ಅಂಚಿಗೆ ಸರಿದ.

ಕಿಣಿ ಕಿಣಿ.

ಬಳೆ ಸದ್ದು. ಆ ಕೋಣೆಯಲ್ಲಿ ಬಳೆ ತೊಟ್ಟವರು ಯಾರೂ ಇರಲಿಲ್ಲ.

ಅವಳು ಊದಲಿಲ್ಲ. ಬಾಗಿದ ಹಾಗೆಯೇ ಕಣ್ಣೆತ್ತಿದಳು. ಅವಳ ಕಣ್ಣ ಎತ್ತರಕ್ಕೆ ಸರಿಯಾಗಿ ಪೀಠದ ಬಿಳಿ ಹಾಸು ಇಳಿಬಿದ್ದಿತ್ತು. ಅದರಲ್ಲಿ ಗೇಣಿಗೊಂದು ಸಣ್ಣ ಕಂಡಿ. ಗೇಣಿಗೊಂದು, ಗೇಣಿಗೊಂದು, ನೆಲದವರೆಗೂ. ಒಂದೊಂದು ಕಂಡಿಯೊಳಗೂ ಕಪ್ಪು. ಮೂರನೆಯವನ ಬಿಳಿ ಬಟ್ಟೆಯ ಕೆಳಗೆ, ಹಿಮ್ಮಡಿಯ ಹತ್ತಿರ, ತೊಳೆದರೂ ಹೋಗದ ಒಂದು ಕಪ್ಪು ಗೆರೆ. ಅವನ ಉಗುರಿನಲ್ಲಿ ಕಪ್ಪು. ನಡುವಿನವನ ಉಗುರಿನಲ್ಲಿ ಕಪ್ಪು. ಮೊದಲನೆಯವನು ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದ.

ಅಷ್ಟೊಂದು ಬಟ್ಟೆ ಏತಕ್ಕೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಈಗ ಅವಳಿಗೆ ಕೇಳುವ ಅಗತ್ಯ ಉಳಿಯಲಿಲ್ಲ. ಲಟ್ಟಣಿಗೆ ನೆನಪಾಯಿತು. ಮಣೆ, ತೊಟ್ಟಿಲು, ಬಾಗಿಲಿಲ್ಲದ ಆ ಮನೆ ನೆನಪಾಯಿತು. ತನ್ನ ಸ್ಲೇಟಿನ ಕಟ್ಟು ಚಟಚಟ ಸಿಡಿದ ಸದ್ದು ನೆನಪಾಯಿತು. ಮನೆಯದೆಲ್ಲ ಸುಡುತ್ತಿದ್ದಾಗ, ಇಲ್ಲಿದ್ದ ಇದ್ದಿಲನ್ನು ಮುಚ್ಚಿಡುವ ಬಟ್ಟೆಯನ್ನು ತಾವೇ ನೇಯ್ದು ಕೊಟ್ಟಿದ್ದರು. ಬೆರಳಿಲ್ಲದ ಕೈಯಿಂದ ಅಜ್ಜಿ ನೇಯ್ದು ಕೊಟ್ಟಿದ್ದಳು.

ಕೊಳವೆಯನ್ನು ನೆಲಕ್ಕಿಟ್ಟಳು.

"ಏನಾಯಿತು? ಊದು!" ಎಂದ ನಡುವಿನವನು. "ಜೊತೆಯವಳನ್ನು ಹುರಿದುಂಬಿಸುವುದು ಹೇಗೆ? ನಿನ್ನ ಉತ್ತರವೇನು?"

"ಎದ್ದೇಳಿ," ಎಂದಳು.

"ಏನು?"

"ಅದೇ ನನ್ನ ಉತ್ತರ. ಎದ್ದೇಳಿ."

"ಕೇಳಿಸಲಿಲ್ಲ."

"ಎದ್ದೇಳಿ!"

ಮೂರನೆಯ ಸಲ ಅದು ಜಗಲಿಗೂ ಕೇಳಿಸಿತು. ಆ ದನಿ ತನ್ನದೇ ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಕೇಳುವವರು ಏಳಲಿಲ್ಲ. ಏಳಲು ಅದುವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ. ಏಳುವುದು ಹೇಗೆಂದೇ ಅವರಿಗೆ ಮರೆತುಹೋಗಿತ್ತು.

"ಒಂದೇ ಮನೆಯವರು ಅಂದ್ರಿ. ಮನೇಲಿ ಒಲೆ ಆರ್ತಿರೋವಾಗ ಯಾರಾದ್ರೂ ಇದ್ದಿಲಿನ ಮೇಲೆ ಕೂತಿರ್ತಾರಾ? ಕೂತ್ಕೊಂಡು, ಒಲೆ ಹೇಗೆ ಉರಿಸ್ತೀಯ ಅಂತ ಕೇಳ್ತಾರಾ?"

ಅವಳು ಹಾಸಿನ ತುದಿ ಹಿಡಿದು ಎಳೆದಳು. ನೇಯ್ದವರಿಗೆ ಬಟ್ಟೆ ಎಲ್ಲಿ ಹರಿಯುತ್ತದೆಂದು ಗೊತ್ತಿರುತ್ತದೆ. ಕಂಡಿಯಿಂದ ಕಂಡಿಗೆ ಅದು ಸರಸರನೆ ಹರಿಯಿತು. ಒಳಗೆ ಚೀಲದ ಮೇಲೆ ಚೀಲ, ಚೀಲದ ಮೇಲೆ ಚೀಲ. ಹಳೆಯದೊಂದು ಚೀಲದ ಹೊಟ್ಟೆ ಬಿರಿದು ಇದ್ದಿಲು ಉರುಳಿತು, ಕಿಣಿ ಕಿಣಿ ಕಿಣಿ, ಬಿಳಿ ನೆಲದ ತುಂಬ. ಕೇಳುವವರು ಮೂವರೂ ಕಾಲು ಮೇಲೆತ್ತಿಕೊಂಡರು.

ಮುದುಕಿ ಒಂದು ತುಂಡನ್ನು ಎತ್ತಿಕೊಂಡಳು. ಮೂಸಿದಳು. ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅದನ್ನು ಕುಡಿಕೆಯೊಳಗೆ, ಕಡಲೆಕಾಳಿನಷ್ಟು ಕೆಂಡದ ಪಕ್ಕದಲ್ಲಿ ಇಟ್ಟಳು.

ಮೆಲುದನಿಯವಳ ಕೈ ಅಭ್ಯಾಸದಿಂದ ಕೊಳವೆಯ ಕಡೆ ಹೋಯಿತು.

"ಬೇಡ," ಎಂದಳು ಮುದುಕಿ. "ಅದಕ್ಕೆ ಗೊತ್ತು."

ಯಾರೂ ಊದಲಿಲ್ಲ. ಯಾರೂ ಶಭಾಷ್ ಅನ್ನಲಿಲ್ಲ. ಇದ್ದಿಲಿನ ಒಂದು ಮೂಲೆ ಕೆಂಪಾಯಿತು. ಆ ಕೆಂಪು ಅವಸರವಿಲ್ಲದೆ ಹರಡಿತು. ಮುದುಕಿಯ ನಾಲ್ಕು ಬೆರಳು ತೊಡೆಯ ಮೇಲೆ ತಾವಾಗಿ, ಲಾಳಿ ಹಿಡಿದ ಹಾಗೆ, ಆಡತೊಡಗಿದವು.

ನಡುವಿನವನು ಕೆಮ್ಮಿದ. "ಅನರ್ಹಳು," ಎಂದ. "ಈಕೆಗೆ ಊದಲು ಬಾರದು. ಆ ಸಾಲಿಗೆ ತಿದಿ ಕಳಿಸಿ. ಹಾಸನ್ನು ಮೊದಲಿನಂತೆ ಹೊದಿಸಿ. ಮುಂದಿನವರನ್ನು ಕರೆಯಿರಿ."

ಬಾಗಿಲಿನವನು ಹಾಸು ಎತ್ತಿಕೊಳ್ಳಲು ಬಾಗಿದ. ಬಾಗಿದವನು ಬಾಗಿಯೇ ಇದ್ದ. ಅವನ ಸೊಂಟದಲ್ಲೂ ಒಂದು ಕುಡಿಕೆ ಇತ್ತು. ಅಷ್ಟು ವರ್ಷ ಅದನ್ನು ಯಾರೂ ನೋಡಿರಲಿಲ್ಲ.

ಮೆಲುದನಿಯವಳು ಮಡಿಲ ತುಂಬ ಇದ್ದಿಲು ತುಂಬಿಕೊಂಡು, ಮುದುಕಿಯ ಕೈ ಹಿಡಿದು, ಮೂಡಣ ಬಾಗಿಲಿನಿಂದ ಹೊರಗೆ ಬಂದಳು. ಜಗಲಿಯವರ ತುಟಿಗಳು ನಿಂತಿದ್ದವು.

"ಏನ್ ಕೇಳಿದ್ರು?" ಎಂದರು.

"ನಿಮ್ಮನ್ನ ಕೇಳೋದನ್ನೇ."

"ನೀನೇನಂದೆ?"

ಅವಳು ಮಡಿಲು ಬಿಚ್ಚಿ ತೋರಿಸಿದಳು. ಚಿಕ್ಕವರಿಗೆ ಅದೇನೆಂದು ಗೊತ್ತಾಗಲಿಲ್ಲ. ದೊಡ್ಡವರು ಹೇಳಿದರು. ಹೇಳುವಾಗ ಅವರ ದನಿ ಏರಿತು, ಮೊದಲು ಆಸೆಯಿಂದ, ಆಮೇಲೆ ಆಸೆಯಿಂದಲ್ಲ.

ಮೆಟ್ಟಿಲ ಮೇಲೆ ಕೂತಿದ್ದ ಅಗಲ ಎದೆಯವನು ಎದ್ದುಬಂದು ಒಂದು ತುಂಡನ್ನು ಮುಟ್ಟಿದ. ಅವನ ಬೆರಳಿಗೆ ಕಪ್ಪು ಹತ್ತಿತು.

"ಒಳಗೇ ಇತ್ತಾ?"

"ಹೂಂ."

"ನಾನು ಊದೋವಾಗಲೂ ಇತ್ತಾ?"

ಅವಳು ಇನ್ನೊಂದು ತುಂಡನ್ನು ಅವನ ಅಂಗೈಗಿಟ್ಟಳು.

"ಎಷ್ಟು ದೂರದಲ್ಲಿತ್ತು ಅಕ್ಕಾ?"

"ಎರಡು ಮಾರು," ಎಂದಳು, ಮೊದಲಿನ ಮೆಲುದನಿಯಲ್ಲಿ.

ಅವನು ಪಡುವಣ ಬಾಗಿಲಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಣ್ಣನ ಹೆಸರು ಹಿಡಿದು ಒಮ್ಮೆ ಕೂಗಿದ. ಹೋದವರ ಹೆಸರನ್ನು ಆ ಊರಿನಲ್ಲಿ ಕೂಗಿದ್ದು ಅದೇ ಮೊದಲು. ಕೂಗು ಹೋದ ದಾರಿಯಿಂದ ಏನೂ ತಿರುಗಿ ಬರಲಿಲ್ಲ. ಅವನು ಕತ್ತಿನ ಮಾಲೆ ತೆಗೆದ, ಮೆಟ್ಟಿಲ ಮೇಲಿಟ್ಟ.

"ಮುಂದಿನವರು!" ಎಂದು ಒಳಗಿನಿಂದ ಕರೆ ಬಂತು. ಕರೆದದ್ದು ನಡುವಿನವನೇ, ಬಾಗಿಲಿನವನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದ, ಅವನ ಕೈಗಳು ಕಪ್ಪಾಗಿದ್ದವು.

ಜಗಲಿಯವರೆಲ್ಲ ಒಟ್ಟಿಗೇ ಎದ್ದರು. ಎಲ್ಲರಿಗಿಂತ ಮುಂದೆ ಅಗಲ ಎದೆಯವನು.

"ನಿಂದು ಆಯ್ತಲ್ಲಪ್ಪ," ಎಂದ ಬಾಗಿಲಿನವನು, ದಾರಿ ಬಿಡುತ್ತ.

"ಆಗಿತ್ತು," ಎಂದ ಅವನು. "ಉತ್ತರ ತಪ್ಪು ಹೇಳಿ ಬಂದಿದ್ದೆ. ತಿದ್ದಿ ಬರ್ತೀನಿ."